ಐಬಿಎಸ್: ನಿಮ್ಮ ಹೊಟ್ಟೆ ಕೆಡುವ ಕಾರಣ ಪತ್ತೆಹಚ್ಚಿ

ಹೊಟ್ಟೆನೋವು, ಉಬ್ಬರ, ಒಂದು ವಾರ ಭೇದಿ, ಮರುವಾರ ಮಲಬದ್ಧತೆ. ಪರೀಕ್ಷೆ ಮಾಡಿಸಿದರೆ ಎಲ್ಲವೂ ನಾರ್ಮಲ್. ಹಾಗೆಂದು ನೋವು ಸುಳ್ಳಲ್ಲ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕೆರಳುವ ಕರುಳಿನ ತೊಂದರೆ) ಇರುವವರ ಕರುಳಿನ ನರಗಳು ಬಲು ಸೂಕ್ಷ್ಮ. ತುಸು ಗಾಳಿ ತುಂಬಿದರೂ ಮಿದುಳಿಗೆ ಅದು ನೋವಾಗಿಯೇ ಮುಟ್ಟುತ್ತದೆ. ಕೆರಳಿಸುವ ಕಾರಣ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ವಾಂತಿಭೇದಿಯ ಸೋಂಕು ವಾಸಿಯಾದ ನಂತರ ಐಬಿಎಸ್ ಶುರುವಾಗುತ್ತದೆ.

ಮೊದಲು ವೈದ್ಯರನ್ನು ಕಾಣಿ. ಮಲದಲ್ಲಿ ರಕ್ತ, ತೂಕ ಇಳಿಕೆ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ವಯಸ್ಸು 50 ದಾಟಿದ ಮೇಲೆ ಹೊಸದಾಗಿ ಬಂದ ತೊಂದರೆ – ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. ಥೈರಾಯ್ಡ್, ಸೀಲಿಯಾಕ್ (ಗೋಧಿ ಒಗ್ಗದ ಕಾಯಿಲೆ) ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ನುಂಗುವ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ: ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಭೇದಿ ತರಬಹುದು, ಕಬ್ಬಿಣಾಂಶದ ಮಾತ್ರೆ ಮಲಬದ್ಧತೆ ತರಬಹುದು.

ಬಳಿಕ ಎರಡು ವಾರ ಊಟ, ನಿದ್ದೆ, ಆತಂಕ, ನೋವು ಎಲ್ಲವನ್ನೂ ಬರೆದಿಡಿ. ಹಾಲಿನ ಮೇಲೆ ಅನುಮಾನ ಬಂದರೆ ಕಾಫಿ, ಟೀ ಹಾಲನ್ನೂ ಸೇರಿಸಿ ಎರಡು ವಾರ ಬಿಟ್ಟು ನೋಡಿ.

ಆಗಲೂ ತಗ್ಗದಿದ್ದರೆ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ 'ಲೋ ಫಾಡ್‌ಮ್ಯಾಪ್' ಪಥ್ಯವಿದೆ. ಕರುಳಲ್ಲಿ ಹುಳಿತು ಗಾಳಿಯಾಗುವ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು, ಹೂಕೋಸು, ಸೇಬು ಇಂಥವನ್ನು 2ರಿಂದ 6 ವಾರ ನಿಲ್ಲಿಸಬೇಕು. ಅನ್ನ, ಕ್ಯಾರೆಟ್, ಬದನೆ, ಮೊಟ್ಟೆ ತಿನ್ನಬಹುದು. ಬೆಳ್ಳುಳ್ಳಿಯ ಘಮ ಬೇಕೆಂದರೆ ಎಸಳನ್ನು ಬರೀ ಎಣ್ಣೆಯಲ್ಲಿ ಹುರಿದು ತೆಗೆದುಹಾಕಿ, ಆ ಎಣ್ಣೆಯಲ್ಲೇ ಒಗ್ಗರಣೆ ಕೊಡಿ. ಕಾಟ ಕೊಡುವ ಅಂಶ ಎಣ್ಣೆಗೆ ಇಳಿಯುವುದಿಲ್ಲ. ಆಮೇಲೆ ಬಿಟ್ಟದ್ದನ್ನು ಒಂದೊಂದಾಗಿ ಮರಳಿ ತಿಂದು ನೋಡಬೇಕು. ಬಹಳ ಮಂದಿ ಎಡವುವುದು ಇಲ್ಲೇ: ಹಾಯೆನಿಸಿತೆಂದು ವರ್ಷಗಟ್ಟಲೆ ಪಥ್ಯ ಹಿಡಿದರೆ ಪೋಷಕಾಂಶಗಳೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕುಗ್ಗಬಹುದು. ಡಯೆಟಿಷಿಯನ್ ಜೊತೆಗಿದ್ದರೆ ಉತ್ತಮ.

ನಾರಿನಂಶಕ್ಕಾಗಿ ಗೋಧಿ ಹೊಟ್ಟು ಬೇಡ, ಉಬ್ಬರ ಹೆಚ್ಚೀತು. ಇಸಬ್‌ಗೋಲ್ ಅನ್ನು ಒಂದು ಚಮಚದಿಂದ ಶುರುಮಾಡಿ, ಧಾರಾಳ ನೀರು ಕುಡಿಯಿರಿ.

ಪರೀಕ್ಷೆಯ ಹಿಂದಿನ ದಿನ, ಕಚೇರಿಯಲ್ಲಿ ಜಗಳವಾದ ದಿನ ಹೊಟ್ಟೆ ಕೆಡುತ್ತಿದೆಯೆಂದು ನಿಮ್ಮ ಬರಹವೇ ಹೇಳಿದರೆ ಆಪ್ತಸಮಾಲೋಚನೆಯೂ ಚಿಕಿತ್ಸೆಯೇ. ವೈದ್ಯರು ಖಿನ್ನತೆಯ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟರೆ ಗಾಬರಿಯಾಗಬೇಡಿ. ಅದು ಕರುಳಿನ ನೋವನ್ನು ತಗ್ಗಿಸಲು. ಯಾವ ಬದಲಾವಣೆಯನ್ನೇ ಆಗಲಿ, ಒಂದು ಸಲಕ್ಕೆ ಒಂದನ್ನೇ ಮಾಡಿ. ಇಲ್ಲದಿದ್ದರೆ ಗುಣ ಕೊಟ್ಟದ್ದು ಯಾವುದೆಂದು ತಿಳಿಯದು.