ಲಕ್ಷಣ ಕಾಣದಿದ್ದರೂ ಸೋಂಕು ಇರಬಹುದು

ಏಡ್ಸ್ ಹೆಸರು ಕೇಳದ ಹದಿಹರೆಯದವರು ಕಡಿಮೆ. ಆದರೆ ಹೆಸರು ಗೊತ್ತಿದ್ದ ಮಾತ್ರಕ್ಕೆ ತಡೆಯುವುದು ಹೇಗೆಂದು ಗೊತ್ತಿರಬೇಕೆಂದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನವರಲ್ಲಿ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇದ್ದದ್ದು ಶೇ 21.6ರಷ್ಟು ಮಹಿಳೆಯರಿಗೆ, ಶೇ 30.7ರಷ್ಟು ಪುರುಷರಿಗೆ ಮಾತ್ರ. ನೋಡಲು ಆರೋಗ್ಯವಾಗಿರುವವರಲ್ಲೂ ಎಚ್‌ಐವಿ ಇರಬಹುದೆಂಬ ಅರಿವೂ ಈ ಅಳತೆಗೋಲಿನಲ್ಲಿ ಸೇರಿದೆ. ಬೇರೆ ಲೈಂಗಿಕ ಸೋಂಕುಗಳಿಗೂ ಈ ಮಾತು ಸಲ್ಲುತ್ತದೆ. ಕ್ಲಮೈಡಿಯಾ, ಗೊನೊರಿಯಾ ಹಲವು ಹೆಣ್ಣುಮಕ್ಕಳಲ್ಲಿ ಲಕ್ಷಣವನ್ನೇ ತೋರುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಗರ್ಭನಾಳ ಕೆಟ್ಟು ಬಂಜೆತನ ಬರಬಹುದು. ಹಾಗಾಗಿ ತೊಂದರೆ ಕಂಡಾಗ ನೋಡಿದರಾಯಿತು ಎಂದು ಕೂರುವಂತಿಲ್ಲ.

ಮೊದಲ ಹೆಜ್ಜೆ ಲಸಿಕೆ. ಗರ್ಭಕಂಠದ ಕ್ಯಾನ್ಸರ್‌ಗೆ ಬಹುಪಾಲು ಕಾರಣವಾದ ಎಚ್‌ಪಿವಿ ವಿರುದ್ಧದ ಲಸಿಕೆಗೆ 9ರಿಂದ 14 ವರ್ಷ ಸೂಕ್ತ ವಯಸ್ಸು. ಸೋಂಕು ತಗಲುವ ಮೊದಲೇ ಹಾಕಿಸಿದರೆ ಫಲ ಹೆಚ್ಚು. ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ. ಎರಡನೆಯದು, ಮುಂದೆ ಬೇಕಾಗುವ ತಿಳಿವಳಿಕೆ: ಕಾಂಡೋಮ್ ಪೊಟ್ಟಣದ ಮೇಲಿನ ಅವಧಿ ನೋಡಬೇಕು, ಪ್ರತಿ ಸಲವೂ ಹೊಸದನ್ನೇ ಬಳಸಬೇಕು; ತೆಂಗಿನೆಣ್ಣೆ, ವ್ಯಾಸಲೀನ್ ತಾಕಿದರೆ ಲೇಟೆಕ್ಸ್ ಸಡಿಲಗೊಂಡು ಹರಿಯುತ್ತದೆ. ಮೂರನೆಯದು, ಹುಣ್ಣು, ಉರಿಮೂತ್ರ, ವಾಸನೆಯ ಸ್ರಾವ ಕಂಡರೆ ಮೆಡಿಕಲ್ ಅಂಗಡಿಯ ಮುಲಾಮು ಹಚ್ಚಿಕೊಂಡು ದಿನ ದೂಡಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್, ಲೈಂಗಿಕ ಸೋಂಕುಗಳಿಗೆ ಸುರಕ್ಷಾ ಕ್ಲಿನಿಕ್ ಇವೆ; ಎಚ್‌ಐವಿ ಕುರಿತ ಮಾಹಿತಿಗೆ 1097ಕ್ಕೆ ಕರೆ ಮಾಡಬಹುದು. ಸಂಗಾತಿಗೂ ಚಿಕಿತ್ಸೆ ಆಗದಿದ್ದರೆ ಸೋಂಕು ಮರಳಬಹುದು. ಲೈಂಗಿಕ ದೌರ್ಜನ್ಯ ನಡೆದಿದ್ದರೆ 72 ಗಂಟೆಯೊಳಗೆ ಆಸ್ಪತ್ರೆ ತಲುಪಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಅಷ್ಟರೊಳಗೆ ಶುರುಮಾಡಿ 28 ದಿನ ನುಂಗಬೇಕು.

ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಹಾದಿ ತಪ್ಪುತ್ತಾರೆ ಎಂಬ ಆತಂಕ ಹಳೆಯದು. 2007ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಶಾಲಾ ಲೈಂಗಿಕ ಶಿಕ್ಷಣಕ್ಕೆ ತಡೆ ಬಿದ್ದಿತ್ತು. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೊ, ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದು 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಇನ್ನೊಂದು ಅಂಜಿಕೆ ಕಾನೂನಿನದು. 18 ತುಂಬದವರ ಲೈಂಗಿಕ ಸಂಪರ್ಕ ಗೊತ್ತಾದರೆ ವೈದ್ಯರು ಪೊಲೀಸರಿಗೆ ತಿಳಿಸಬೇಕೆಂದು ಪೋಕ್ಸೊ ಕಾಯ್ದೆ ಹೇಳುತ್ತದೆ, ನಿಜ. ಆ ಹೆದರಿಕೆಗೆ ಚಿಕಿತ್ಸೆ ಮುಂದೂಡಿದರೆ ನಷ್ಟ ಮಗುವಿನದೇ. ಮನೆಯ ದೊಡ್ಡವರು ಜೊತೆಗೆ ಹೋಗಿ ನಿಂತರೆ ಆಸ್ಪತ್ರೆ, ಠಾಣೆ ಎರಡನ್ನೂ ಎದುರಿಸುವುದು ಸುಲಭ. ಮಕ್ಕಳು ಅಷ್ಟು ನಂಬಿ ಬಾಯಿಬಿಡಬೇಕಾದರೆ ಈ ಮಾತು ಮನೆಯಲ್ಲಿ ಮೊದಲೇ ಆಗಿರಬೇಕು. ಲಸಿಕೆ ಹಾಕಿಸುವ ದಿನವೇ ಅದಕ್ಕೆ ಒಳ್ಳೆಯ ಸಂದರ್ಭ.