ಒಣ ಸೌದೆಯಿಂದ ಜಲಜನಕ: ಬಸ್ಸು ಲಾರಿಗಳಿಗೆ ಹೊಸ ಉರುವಲು

೧೯೩೯ರಿಂದ ೧೯೪೫ರ ವರೆಗಿನ ಯುದ್ಧಕಾಲದಲ್ಲಿ ಪೆಟ್ರೋಲು ದುರ್ಲಭವಾಗಲು, ಮೈಸೂರು ಸೀಮೆಯ ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆಯನ್ನು ಕಟ್ಟಿಕೊಂಡು ಓಡಿದ ಸಂಗತಿಯನ್ನು ಹಿರಿಯರಿಂದ ಕೇಳಿದವರುಂಟು. ಒಲೆಯೊಳಕ್ಕೆ ಹೋಗುತ್ತಿದ್ದುದು ಬರಿಯ ಗಾಳಿಯಾದುದರಿಂದ, ಹೊರಡುವ ಅನಿಲದಲ್ಲಿ ಸುಮಾರು ಅರ್ಧ ಭಾಗವು ಉರಿಯಲಾರದ ಸಾರಜನಕವೇ ಆಗಿರುತ್ತಿತ್ತು.

ಬೆಂಗಳೂರಿನ ಮಲ್ಲೇಶ್ವರದ ಉತ್ತರಕ್ಕಿರುವ, ೧೯೦೯ರಲ್ಲಿ ಸ್ಥಾಪಿತವಾಗಿ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹೆಸರಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಸ್. ದಾಸಪ್ಪನವರೂ ಅವರ ಸಂಗಡಿಗರೂ ಇದಕ್ಕಿಂತ ಮೇಲಾದ ವಿಧಾನವನ್ನು ಸಿದ್ಧಪಡಿಸಿರುವರು. ೨೦೨೨ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ಗಾಳಿಗೆ ಬದಲಾಗಿ ಆಮ್ಲಜನಕವನ್ನೂ ನೀರಿನ ಹಬೆಯನ್ನೂ ಒಲೆಗೆ ಹಾಯಿಸುವರು. ಹಬೆಯು ಕೆಂಡವನ್ನು ತಾಗಿದಾಗ ನೀರಿನಲ್ಲಿರುವ ಜಲಜನಕವೂ ಬಿಡುಗಡೆಯಾಗುವುದು. ಆದುದರಿಂದ ೧ ಕಿಲೋ ಒಣ ಸೌದೆಯಲ್ಲಿ ಸ್ವತಃ ಇರುವುದು ೬೦ ಗ್ರಾಂ ಜಲಜನಕವಾದರೂ ಕೈಗೆ ದೊರೆಯುವುದು ೧೦೦ ಗ್ರಾಂ. ಲೆಕ್ಕ ತಪ್ಪಿತೆಂದು ಯಾರೂ ಸಂಶಯಪಡಬೇಕಾಗಿಲ್ಲ. ಹೆಚ್ಚಿನ ಪಾಲು ನೀರಿನದು. ಅನಂತರ ಮತ್ತೊಂದು ಯಂತ್ರದಿಂದ ಜಲಜನಕವನ್ನು ಬೇರ್ಪಡಿಸುವರು. ಬಸ್ಸುಗಳ ಉಪಯೋಗಕ್ಕಾಗಿ ದಿನಕ್ಕೆ ೨೫೦ ಕಿಲೋ ತಯಾರಾಗುವಂತೆ ಇದನ್ನು ವಿಸ್ತರಿಸಬೇಕೆಂದು ಇಂಡಿಯನ್ ಆಯಿಲ್ ಸಂಸ್ಥೆಯು ಇವರನ್ನು ಆಹ್ವಾನಿಸಿತು.

ತಯಾರಿಕೆಗಿಂತಲೂ ಶೇಖರಣೆಯೇ ಕಷ್ಟತರವಾದುದು. ೧ ಕಿಲೋ ಜಲಜನಕದಲ್ಲಿ ಎರಡೂವರೆ ಕಿಲೋ ಡೀಸೆಲಿಗಿಂತ ಹೆಚ್ಚು ಶಾಖವುಂಟು. ಆದರೆ ಅದನ್ನು ಅದುಮದೆ ಬಿಟ್ಟರೆ ೧೧,೦೦೦ ಲೀಟರಿಗೂ ಮೇಲ್ಪಟ್ಟ ಸ್ಥಳವನ್ನು ಆಕ್ರಮಿಸುವುದು. ಬಸ್ಸು ಲಾರಿಗಳ ಸಿಲಿಂಡರುಗಳಲ್ಲಿ ವಾಯುಮಂಡಲದ ಒತ್ತಡದ ಸುಮಾರು ೩೫೦ರಷ್ಟಕ್ಕೆ ಅದುಮಿ ತುಂಬಿದರೂ ಕಿಲೋ ಒಂದಕ್ಕೆ ೪೦ ಲೀಟರಿನಷ್ಟು ಸ್ಥಳ ಬೇಕು. ಇದು ಕೆಲವು ಬಗೆಯ ಉಕ್ಕಿನೊಳಗೆ ನುಸುಳಿ ಅದನ್ನು ಪೆಡಸು ಮಾಡುವುದು. ಇದಕ್ಕೆ ವಾಸನೆಯಿಲ್ಲ, ಹಗಲಿನಲ್ಲಿ ಜ್ವಾಲೆಯೂ ಕಣ್ಣಿಗೆ ಕಾಣದು. ಆದಕಾರಣ ಸಿಲಿಂಡರುಗಳನ್ನು ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಿದ ಹೊರತು ಉಪಯೋಗಿಸಕೂಡದು. ಹಳ್ಳಿಯಲ್ಲಿ ಯಾರೂ ಈ ಅನಿಲವನ್ನು ಸ್ವಂತವಾಗಿ ತಯಾರಿಸಿ ತುಂಬಲು ಯತ್ನಿಸತಕ್ಕದ್ದಲ್ಲ.

ಜಮೀನುದಾರರು ಯೋಚಿಸಬೇಕಾದುದು ಸೌದೆಯ ವಿಷಯವನ್ನು. ಮೇಲೆ ಹೇಳಿದ ೨೫೦ ಕಿಲೋ ಜಲಜನಕಕ್ಕೆ ದಿನವೊಂದಕ್ಕೆ ಎರಡೂವರೆ ಟನ್ನು, ವರ್ಷಕ್ಕೆ ೯೦೦ ಟನ್ನಿಗೂ ಮೇಲೆ, ಒಣ ಸಾಮಗ್ರಿ ಬೇಕಾಗುವುದು. ೧೯೮೮ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಇದೇ ಸಂಸ್ಥೆಯವರು ಸೌದೆಯ ಅನಿಲದಿಂದ ವಿದ್ಯುದ್ದೀಪಗಳನ್ನು ಹೊತ್ತಿಸಿದಾಗ, ಅದಕ್ಕೆಂದೇ ಮರಗಳ ತೋಪನ್ನು ಬೆಳೆಸಲಾಗಿತ್ತು. ಅಂಥ ಏರ್ಪಾಡಿಲ್ಲದೆ ಸೌದೆಯ ಗಿರಾಕಿಗಳು ಊರಿಗೆ ಬಂದರೆ, ಮೊದಲು ಕೈ ಬೀಳುವುದು ದನದ ಮೇವಿಗೆ. ರಾಗಿ ಹುಲ್ಲನ್ನೂ ಜೋಳದ ಸೊಪ್ಪೆಯನ್ನೂ ಯಾವ ಬೆಲೆಗೂ ಇದಕ್ಕಾಗಿ ಮಾರತಕ್ಕದ್ದಲ್ಲ. ತೆಂಗಿನ ಕರಟ, ಹತ್ತಿಯ ಕಡ್ಡಿ, ಬೀಳು ನೆಲದ ಬಳ್ಳಾರಿ ಜಾಲಿ ಇವುಗಳನ್ನು ಕೊಡಬಹುದು. ಆದರೆ ಬಡವರ ಒಲೆಗೆ ಬೇಕಾದಷ್ಟನ್ನು ಮೊದಲು ಊರಿನಲ್ಲಿ ಉಳಿಸಿಕೊಳ್ಳುವುದು ಮುಖಂಡರ ಹೊಣೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟಾದುದರಿಂದ, ಕರಾರು ಬರೆಯುವಾಗ ದರವು ಒಣ ತೂಕಕ್ಕೋ ಹಸಿ ತೂಕಕ್ಕೋ ಎಂಬುದನ್ನು ಸ್ಪಷ್ಟವಾಗಿ ಕಾಣಿಸಬೇಕು.