ಪೌಷ್ಟಿಕಾಹಾರದ ಆನ್‌ಲೈನ್ ಕೋರ್ಸ್: ಕಲಿತದ್ದು ತಟ್ಟೆಗೆ ಬರಲಿ

ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಅದರ ಅಂಚಿಗೆ ಬಂದು ನಿಂತವರು 13.6 ಕೋಟಿ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ ಕೊಟ್ಟ ಲೆಕ್ಕವಿದು. ಅಂಚಿನಲ್ಲಿರುವವರಲ್ಲಿ ಎಷ್ಟೋ ಮಂದಿ ಊಟ, ನಡಿಗೆ ಸರಿಮಾಡಿಕೊಂಡರೆ ಕಾಯಿಲೆಯನ್ನು ತಡೆಯಬಹುದು, ಇಲ್ಲವೇ ವರ್ಷಗಟ್ಟಲೆ ಮುಂದೂಡಬಹುದು. ಅದಕ್ಕೆ ಬೇಕಾದ ತಿಳಿವಳಿಕೆ ಈಗ ಮೊಬೈಲಿನಲ್ಲೇ ಸಿಗುತ್ತದೆ. ಕೋರ್ಸಿಗೆ ಹೆಸರು ಕೊಡುವುದು ಎರಡು ನಿಮಿಷದ ಕೆಲಸ. ಕಲಿತದ್ದನ್ನು ಮನೆಯ ಊಟಕ್ಕೆ ತರುವುದಕ್ಕೆ ಮಾತ್ರ ಶ್ರದ್ಧೆ ಬೇಕು.

1. ಯಾರಿಗಾಗಿ ಕಲಿಯುತ್ತಿದ್ದೀರಿ ಎಂದು ಮೊದಲೇ ಬರೆದಿಡಿ. ಅಪ್ಪನ ಬಿಪಿಗೋ, ಬಸುರಿ ಮಗಳ ಸಕ್ಕರೆಗೋ, ನಿಮ್ಮದೇ ಸೊಂಟದ ಸುತ್ತಳತೆಗೋ? ಒಬ್ಬರ ಮುಖ ಕಣ್ಣ ಮುಂದಿದ್ದರೆ ಪಾಠ ನೆನಪಿನಲ್ಲಿ ಉಳಿಯುತ್ತದೆ.

2. ಕಲಿಸುವವರು ಯಾರೆಂದು ನೋಡಿ ಸೇರಿ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಕಲಿಕೆ ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯುವುದಕ್ಕೆ ಮಾತ್ರ ಶುಲ್ಕ. ಕೋರ್ಸೆರಾದಲ್ಲಿ ಸ್ಟ್ಯಾನ್‌ಫರ್ಡ್‌ನ ಮಾಯಾ ಆ್ಯಡಮ್ ಅವರ ಕೋರ್ಸ್, ಎಡೆಕ್ಸ್‌ನಲ್ಲಿ ನೆದರ್‌ಲೆಂಡ್ಸಿನ ವಾಖನಿಂಗನ್ ವಿಶ್ವವಿದ್ಯಾಲಯದ ಕೋರ್ಸುಗಳು ಹೆಸರು ಮಾಡಿವೆ. ಕೊನೆಯ ಪಾಠದಲ್ಲಿ ಪ್ರೋಟೀನ್ ಪೌಡರ್ ಡಬ್ಬಿಯನ್ನೋ ತೂಕ ಇಳಿಸುವ ಪಾನೀಯವನ್ನೋ ಮಾರುವವರ ಹತ್ತಿರ ಹೋಗಲೇಬೇಡಿ.

3. ಈ ವಾರದ ಪಾಠ ಈ ವಾರವೇ ಮುಗಿಯಲಿ. ಸ್ವಯಂನಲ್ಲಿ ಸಿಗುವ ಎನ್‌ಪಿಟಿಇಎಲ್ ಕೋರ್ಸುಗಳ ಪದ್ಧತಿಯಲ್ಲಿ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಪರೀಕ್ಷೆ ಎಷ್ಟೇ ಚೆನ್ನಾಗಿ ಬರೆದರೂ ಅಸೈನ್‌ಮೆಂಟಿನಲ್ಲಿ 10 ಅಂಕ ಬರದಿದ್ದರೆ ಸರ್ಟಿಫಿಕೇಟ್ ಇಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು. ಅದು ದಿನವೂ ಒಂದೇ ಹೊತ್ತಿನಲ್ಲಿರಲಿ.

4. ಪಾಠದಲ್ಲಿ ಬರುವ ತಟ್ಟೆಯನ್ನು ನಿಮ್ಮ ಮನೆಯ ತಟ್ಟೆಯ ಪಕ್ಕ ಇಟ್ಟು ನೋಡಿ. ಹೊರದೇಶದ ಕೋರ್ಸು ಆಲಿವ್ ಎಣ್ಣೆ, ಸಾಲ್ಮನ್ ಮೀನು, ಓಟ್ಸ್ ಎನ್ನುತ್ತದೆ. ಅವನ್ನು ತರಲು ಸೂಪರ್ ಮಾರ್ಕೆಟ್ಟಿಗೆ ಓಡಬೇಕಾಗಿಲ್ಲ. ನಾರು, ಪ್ರೋಟೀನು, ಒಳ್ಳೆಯ ಕೊಬ್ಬು ನಮ್ಮಲ್ಲಿ ಯಾವುದರಲ್ಲಿವೆ ಎಂದು ಹುಡುಕಿ. ಬೂತಾಯಿ, ಬಂಗುಡೆಯಲ್ಲಿ ಒಮೆಗಾ-3 ಇದೆ. ಹುರುಳಿ, ಅಲಸಂದೆ, ಹೆಸರುಕಾಳಿನ ಉಸಲಿ ಇದೆ, ಕೋಸಂಬರಿ ಇದೆ, ಸೊಪ್ಪಿನ ಬಸ್ಸಾರಿದೆ. ಯಾವುದರಲ್ಲಿ ಏನೆಷ್ಟಿದೆ ಎಂದು ತಿಳಿಯಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕಗಳಿವೆ. ಅವುಗಳಲ್ಲಿ 528 ಆಹಾರಗಳ ವಿವರ ಸಿಗುತ್ತದೆ. ಅದೇ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪ್ರಕಟಿಸಿದ 17 ಸೂತ್ರಗಳ ಆಹಾರ ಮಾರ್ಗಸೂಚಿಯನ್ನೂ ಕೋರ್ಸಿನ ಜೊತೆಗೇ ಓದಿ.

ಆ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45 ದಾಟಬಾರದು. ನಮ್ಮ ಊಟ ಸಾಮಾನ್ಯವಾಗಿ ಎಡವುವುದು ಇಲ್ಲೇ. ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು, ಬದಿಯಲ್ಲಿ ಚಮಚದಷ್ಟು ಪಲ್ಯ. ಅನ್ನ ಅರ್ಧವಾಗಲಿ, ಪಲ್ಯ ಮೂರು ಪಾಲಾಗಲಿ, ಸಾರಿನಲ್ಲಿ ಬೇಳೆ ಕೈಗೆ ಸಿಗುವಷ್ಟಿರಲಿ. ರಾಗಿಯ ವಿಷಯದಲ್ಲೂ ಒಂದು ಎಚ್ಚರಿಕೆ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದು ನಿಜ, ಆದರೆ ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ಸಕ್ಕರೆ ಕಾಯಿಲೆಯವರಿಗೆ ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ.

5. ಉಪ್ಪಿನ ಪ್ಯಾಕೆಟ್ಟಿನ ಮೇಲೆ ದಿನಾಂಕ ಬರೆಯಿರಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಜನ ದೊಡ್ಡವರಿರುವ ಮನೆಗೆ ದಿನಕ್ಕೆ 20 ಗ್ರಾಂ ಎಂದಾಯಿತು, ಅಂದರೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರದಿಂದ ಬೇರೆ ಉಪ್ಪು ಹೊಟ್ಟೆ ಸೇರುವುದರಿಂದ ಪ್ಯಾಕೆಟ್ ಇನ್ನೂ ಹೆಚ್ಚು ದಿನ ಬರಬೇಕು. ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ? ಪೊಟ್ಟಣದ ತಿಂಡಿ ಕೊಂಡಾಗ ಲೇಬಲ್ಲಿನಲ್ಲಿ ಸೋಡಿಯಂ ಎಷ್ಟೆಂದು ನೋಡಿ ಎರಡೂವರೆಯಿಂದ ಗುಣಿಸಿ. ಅಷ್ಟು ಉಪ್ಪು ಅದರಲ್ಲಿದೆ. ಬಿಪಿಯ ಪಾಠಗಳಲ್ಲೆಲ್ಲ ನನಗೆ ಅತಿ ಮುಖ್ಯವೆನಿಸುವುದು ಈ ಲೆಕ್ಕವೇ.

6. ಶೇಕಡಾವಾರು ಕೇಳಿದ ಕೂಡಲೇ ನಂಬಬೇಡಿ, ನೂರು ಜನರ ಲೆಕ್ಕ ಕೇಳಿ. ಭಾರತೀಯ ಮಧುಮೇಹ ತಡೆ ಅಧ್ಯಯನದ ಫಲಿತಾಂಶ ಚೆನ್ನೈನಿಂದ 2006ರಲ್ಲಿ ಬಂತು. ಕಾಯಿಲೆಯ ಅಂಚಿನಲ್ಲಿದ್ದವರಿಗೆ ಮಾಮೂಲಿ ಸಲಹೆ ಮಾತ್ರ ಕೊಟ್ಟಾಗ ಮೂರು ವರ್ಷದಲ್ಲಿ 100ಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ಊಟ, ವ್ಯಾಯಾಮದ ನೆರವು ಕೊಟ್ಟ ಗುಂಪಿನಲ್ಲಿ ಅದು ಸುಮಾರು 39. ಇದನ್ನೇ ಶೇ. 28.5 ಅಪಾಯ ಇಳಿಯಿತು ಎನ್ನುತ್ತಾರೆ. ನೂರರಲ್ಲಿ 16 ಜನ ಉಳಿದರು ಎಂದರೆ ನಮಗೆ ನೇರವಾಗಿ ತಿಳಿಯುತ್ತದೆ. ಸಂಶೋಧನೆಗಳು ತಿದ್ದುಪಡಿಯಾಗುವುದೂ ಉಂಟು. ಮೆಡಿಟರೇನಿಯನ್ ಆಹಾರದ ಬಗ್ಗೆ ಸ್ಪೇನಿನಲ್ಲಿ ನಡೆದ ಪ್ರೆಡಿಮೆಡ್ ಅಧ್ಯಯನದ 2013ರ ವರದಿಯನ್ನು ಲೇಖಕರೇ 2018ರಲ್ಲಿ ಹಿಂಪಡೆದು, ಮತ್ತೆ ವಿಶ್ಲೇಷಿಸಿ ಪ್ರಕಟಿಸಿದರು. ಆ ಆಹಾರದಿಂದ ಹೃದಯ–ರಕ್ತನಾಳದ ಕಾಯಿಲೆಯ ಅಪಾಯ ಇಳಿಯುತ್ತದೆಂಬ ಮುಖ್ಯ ಫಲಿತಾಂಶ ಹೆಚ್ಚುಕಡಿಮೆ ಹಾಗೇ ಉಳಿಯಿತು. ಇಂಥ ತಿದ್ದುಪಡಿಯಿಂದ ವಿಜ್ಞಾನದ ಮೇಲಿನ ಭರವಸೆ ಹೆಚ್ಚಬೇಕು.

7. ನಮ್ಮ ದೇಹಕ್ಕೆ ನಮ್ಮ ಅಳತೆ. ಪಶ್ಚಿಮದ ಕೋರ್ಸುಗಳಲ್ಲಿ ಬಿಎಂಐ 25 ದಾಟಿದರೆ ಅತಿತೂಕ. ಭಾರತೀಯರಿಗೆ ವೈದ್ಯರು ಇಟ್ಟುಕೊಂಡಿರುವ ಗೆರೆ 23. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಹುಟ್ಟಿದಾಗಿನ ತೂಕಕ್ಕೂ ಮುಂದೆ ಬರುವ ಕಾಯಿಲೆಗೂ ಇರುವ ನಂಟಿನ ಜಾಗತಿಕ ಸಂಶೋಧನೆಯಲ್ಲಿ ಮೈಸೂರಿಗೂ ಪಾಲಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದವರ ಜನನ ದಾಖಲೆಗಳನ್ನು ಹುಡುಕಿ, ಅವರು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು ಕಂಡುಬಂತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಕಾಯಿಲೆ ತಡೆಯುವ ಕೆಲಸ ಬಸುರಿಯ ಊಟದಿಂದಲೇ ಶುರುವಾಗಬೇಕು ಎಂದು ನಾನು ನಂಬಿರುವುದು ಇದಕ್ಕೇ.

8. ಪ್ರತಿ ಭಾನುವಾರ ಮನೆಯವರಿಗೆ ಆ ವಾರದ ಪಾಠವನ್ನು ಕನ್ನಡದಲ್ಲಿ ಹೇಳಿ. ಅಮ್ಮ ಕೇಳುವ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಆ ವಿಡಿಯೊ ಮತ್ತೆ ನೋಡಿ.

9. ಯಾರ ಮಾತ್ರೆಯನ್ನೂ ನಿಲ್ಲಿಸಬೇಡಿ. ಇದು ಕಟ್ಟುನಿಟ್ಟು. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಕುಸಿದು ಜೀವಕ್ಕೇ ಅಪಾಯವಾಗಬಹುದು. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಸಲ್ಲದು. ಕೆಲವು ವಾರಗಳ ಕೋರ್ಸಿನಿಂದ ಯಾರೂ ಡಯಟೀಶಿಯನ್ ಆಗುವುದಿಲ್ಲ. ವೈದ್ಯರ ಹತ್ತಿರ ಒಳ್ಳೆಯ ಪ್ರಶ್ನೆ ಕೇಳುವಷ್ಟು ಬಲ ಬಂದರೆ ಅದೇ ದೊಡ್ಡ ಲಾಭ.

10. ಫಲಿತಾಂಶವನ್ನು ರಕ್ತದಲ್ಲಿ ನೋಡಿ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. 12 ವಾರದ ಕೋರ್ಸಿಗೂ ಸುಮಾರು ಅಷ್ಟೇ ಅವಧಿ. ಕೋರ್ಸ್ ಸೇರುವ ವಾರ ಒಮ್ಮೆ, ಮುಗಿದ ವಾರ ಒಮ್ಮೆ ಮನೆಯ ದೊಡ್ಡವರಿಗೆಲ್ಲ ಈ ಪರೀಕ್ಷೆ ಮಾಡಿಸಿ, ಬಿಪಿ ಮತ್ತು ಸೊಂಟದ ಅಳತೆಯನ್ನೂ ಬರೆದಿಡಿ. ಎಚ್‌ಬಿಎ1ಸಿ ಶೇ. 5.7ರಿಂದ 6.4ರ ನಡುವೆ ಬಂದವರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದಾರೆ. ಅವರ ಊಟವನ್ನು ಇವತ್ತೇ ಬದಲಿಸಲು ಶುರುಮಾಡಿ.